ಪಾತ್ರೆಯ ಮೇಲಿನ ಹೆಸರು

ನಮ್ಮ ಅಡಿಗೆಮನೆಯ ಗೂಡಿನಲ್ಲಿ ನಮ್ಮದಲ್ಲದ ಒಂದು ಸ್ಟೀಲ್ ಡಬ್ಬಿ ಬಹಳ ದಿನಗಳಿಂದ ಖಾಲಿ ಕೂತಿತ್ತು. ಎದುರುಮನೆಯ ಗೌರಮ್ಮನವರು ಅದರಲ್ಲಿ ಕರ್ಚಿಕಾಯಿ ಕಳಿಸಿದ್ದರು. ಕರ್ಚಿಕಾಯಿ ಬಂದ ದಿನವೇ ಸದ್ಗತಿ ಹೊಂದಿತು, ಡಬ್ಬಿ ಮಾತ್ರ ಮೋಕ್ಷವಿಲ್ಲದೆ ಉಳಿಯಿತು. ನಿವೃತ್ತನಾದ ಮೇಲೆ ಮನೆಗೆಲಸದಲ್ಲಿ ಉತ್ಸಾಹ ತೋರಿಸುವ ಚಟ ಅಂಟಿಸಿಕೊಂಡಿರುವ ನಾನು ಒಂದು ಬೆಳಿಗ್ಗೆ ಅದನ್ನೆತ್ತಿಕೊಂಡು, ರಸ್ತೆ ದಾಟಿ ಕೊಟ್ಟುಬರುತ್ತೇನೆಂದು ಹೊರಟೆ. ಶ್ರೀಮತಿ ಹೊಸಿಲಲ್ಲೇ ತಡೆದು ಡಬ್ಬಿಯನ್ನು ಕಸಿದುಕೊಂಡಳು. ಖಾಲಿ ಡಬ್ಬಿ ಕೊಟ್ಟು ಮನೆಯ ಮಾನ ಕಳೆಯುವ ಈ ಬುದ್ಧಿಯನ್ನು ಕೊಟ್ಟೂರಿನ ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಹೇಳಿ ಸಂಪಾದಿಸಿದಿರಾ ಎಂದು ಕೇಳಿದಳು.

ಓದುಗ ಮಿತ್ರರೇ, ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೇ ಇರುತ್ತದೆ. ಪರರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂಬ ಈ ಅಲಿಖಿತ ಸಂವಿಧಾನವನ್ನು ನಾನು ಮಾನವಪ್ರೇಮದ ಪರಾಕಾಷ್ಠೆ ಎಂದು ಹೊಗಳಲಾರೆ. ಗೌರಮ್ಮನವರ ಗರಿಗರಿ ಕರ್ಚಿಕಾಯಿಗೆ ಪ್ರತಿಯಾಗಿ ನಮ್ಮ ಮನೆಯಿಂದ ಮೆತ್ತಗಾದ ಚಕ್ಕುಲಿ ಹೋದದ್ದುಂಟು. ಅವರ ಶೇಂಗಾ ಹೋಳಿಗೆಯ ಬೆಲ್ಲದ ಬಗ್ಗೆ ನಮ್ಮ ಮನೆಯಲ್ಲಿ ನಡೆದಿರುವಷ್ಟು ಸೂಕ್ಷ್ಮ ವಿಮರ್ಶೆ ನಾನು ಕಾಲೇಜಿನಲ್ಲಿ ಎಂದೂ ಮಾಡಿದವನಲ್ಲ. ಆದರೂ ಎರಡು ಮನೆಗಳ ನಡುವೆ ಡಬ್ಬಿಗಳು ಓಡಾಡುತ್ತಿರುವ ಇಷ್ಟು ಕಾಲದಲ್ಲಿ ಅವರು ದಾನಿಗಳಾಗಿಲ್ಲ, ನಾವು ಫಲಾನುಭವಿಗಳಾಗಿಲ್ಲ.

ಫಲಾನುಭವಿ ಎಂಬುದು ರಸವತ್ತಾದ ಶಬ್ದ. ಅನುಭವಿಸಬೇಕಾದದ್ದು ಯಾರ ಕರ್ಮದ ಫಲ ಎಂಬುದನ್ನು ಮಾತ್ರ ಯಾವ ಇಲಾಖೆಯೂ ಸ್ಪಷ್ಟಪಡಿಸಿಲ್ಲ. ಈ ಶಬ್ದದ ಮಹಿಮೆ ನನಗೆ ಅರಿವಾದದ್ದು ನಮ್ಮ ಸೀಮೆಯ ಗಾಳಿಗೆ ಧಣಿಯೊಬ್ಬರು ಸಿಕ್ಕ ಮೇಲೆ. ಕೂಡ್ಲಿಗಿಯ ಗುಡ್ಡಗಳ ಮೇಲೆ ಅನಾದಿಯಿಂದ ಪುಕ್ಕಟೆ ಬೀಸುತ್ತಿದ್ದ ಗಾಳಿಗೆ ಅವರು ದೊಡ್ಡ ದೊಡ್ಡ ಗಾಳಿಯಂತ್ರಗಳನ್ನು ಒಡ್ಡಿದರು. ಗಾಳಿ ನಮ್ಮದು, ರೆಕ್ಕೆ ಅವರದು, ಕರೆಂಟಿನ ಬಿಲ್ಲು ಮತ್ತೆ ನಮ್ಮದು. ಈ ತ್ರಿವೇಣಿ ಸಂಗಮದಲ್ಲಿ ಲಾಭ ಉಕ್ಕಿದಾಗ ಧಣಿಗಳಲ್ಲಿ ಕರುಣೆಯೂ ಉಕ್ಕಿತು. ಇಂತಿಷ್ಟು ಉಕ್ಕಲೇಬೇಕೆಂದು ಕಾನೂನೂ ಇದೆಯಂತೆ, ಇರಲಿ. ಪ್ರತಿಷ್ಠಾನವೊಂದು ಹುಟ್ಟಿತು. ತಂಪು ಸಭಾಂಗಣದಲ್ಲಿ ಸಂಪತ್ತಿನ ಮರುಚಿಂತನೆ ಎಂಬ ಗೋಷ್ಠಿ ನಡೆಯಿತು. ಬಂಡವಾಳಶಾಹಿಯ ಆಚೆಗೆ ಯೋಚಿಸಬೇಕೆಂದು ತೀರ್ಮಾನಿಸಿ, ಯೋಚಿಸಿ ಯೋಚಿಸಿ, ಕೊನೆಗೆ ಅವರೆಲ್ಲ ಬಂದು ಮುಟ್ಟಿದ್ದು ಬಕೆಟ್ಟು ಎಂಬಲ್ಲಿಗೆ.

ಮುಚ್ಚಳವುಳ್ಳ ನೀಲಿ ಬಕೆಟ್ಟು. ಒಳಗೆ ಸಾಬೂನು, ಟವೆಲ್ಲು, ಬಿಸ್ಕತ್ತು, ಒಂದು ಪುಟ್ಟ ದೀಪ. ಹೊರಗೆ ಧಣಿಗಳ ನಗುಮುಖ ಮತ್ತು ಪೂರ್ಣ ನಾಮಧೇಯ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರೆ. ಇಲ್ಲಿ ಎಲ್ಲಮ್ಮನ ಜಾಗದಲ್ಲೂ ಧಣಿಗಳೇ ನಿಂತಿದ್ದರು.

ಹೆಸರಿನ ವ್ಯಾಮೋಹವನ್ನು ಗೇಲಿ ಮಾಡುವ ಅಧಿಕಾರ ನನಗೆ ಇಲ್ಲವೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಿವೃತ್ತಿಯ ದಿನ ನಾನೂ ಕಾಲೇಜಿಗೆ ಒಂದು ಗೋಡೆ ಗಡಿಯಾರ ಕೊಟ್ಟಿದ್ದೇನೆ. ಮುಳ್ಳುಗಳಿಗಿಂತ ದಪ್ಪನೆಯ ಅಕ್ಷರಗಳಲ್ಲಿ ನನ್ನ ಹೆಸರು ಬರೆಸಿದ್ದೆ. ಈಗ ಗಡಿಯಾರ ನಿಂತಿದೆ, ಹೆಸರು ನಡೆಯುತ್ತಿದೆ. ನಮ್ಮ ಪೂರ್ವಿಕರೂ ಕಡಿಮೆಯವರಲ್ಲ. ಬಾಗಳಿಯ ಗುಡಿಯ ಅಂಗಳದಲ್ಲಿ ನಿಂತು ಕಲ್ಲಿನ ಶಾಸನಗಳನ್ನು ನೋಡಿದಾಗಲೆಲ್ಲ, ದಾನ ಮಾಡಿದವರಿಗೆ ತಮ್ಮ ದಾನಕ್ಕಿಂತ ಕಲ್ಲಿನ ಮೇಲೆ ಹೆಚ್ಚು ನಂಬಿಕೆಯಿತ್ತೆಂದು ನನಗನ್ನಿಸುತ್ತದೆ.

ಹೊಸಹಳ್ಳಿಯ ಕಡೆಯ ಒಂದು ಊರಿನಲ್ಲಿ ಬಕೆಟ್ಟುಗಳ ವಿತರಣೆ ನಡೆಯಿತು. ಅಧ್ಯಕ್ಷತೆಗೆ ಒಬ್ಬ ನಿರುಪದ್ರವಿ ಬೇಕಾಗಿದ್ದರಿಂದ ನನ್ನನ್ನು ಕರೆದೊಯ್ದಿದ್ದರು. ಧಣಿಗಳು ಬರಲಿಲ್ಲ, ಅವರ ಸಂದೇಶ ಬಂತು. ನಾನು ತ್ಯಾಗ ಮತ್ತು ಭೋಗದ ತಾರತಮ್ಯವನ್ನು ಕುರಿತು ವಿಸ್ತಾರವಾಗಿ ಮಾತನಾಡಿದೆ. ಶಾಮಿಯಾನದ ಕೆಳಗೆ ಬೆವರುತ್ತಿದ್ದ ಹೆಂಗಸರು ತ್ಯಾಗವನ್ನು ಅಲ್ಲೇ ಆಚರಿಸಿ ತೋರಿಸಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಕೈಯೊಡ್ಡಿಸಿ, ಬಾಗಿಸಿ, ನಗಿಸಿ ಫೋಟೋ ತೆಗೆಯಲಾಯಿತು. ಮೊದಲು ನಿಂತವಳು ಹಂಪಮ್ಮ, ಆ ಓಣಿಯ ಹಿರಿಯಳು. ಅವಳ ಮನೆಯಲ್ಲಿ ಒಂದು ಎಮ್ಮೆಯಿದೆ. ಓಣಿಯಲ್ಲಿ ಯಾರಿಗೆ ಮಜ್ಜಿಗೆ ಬೇಕಾದರೂ ಚೆಂಬು ಹಿಡಿದು ಅವಳ ಮನೆಗೇ ಹೋಗುತ್ತಾರೆ. ಮಜ್ಜಿಗೆಯ ಜೊತೆಗೆ ಒಂದಿಷ್ಟು ಬೈಗಳನ್ನೂ ಹಾಕಿ ಕೊಡುವುದು ಅವಳ ಪದ್ಧತಿ.

ಆ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಹಡಗಲಿಯಲ್ಲಿರುವ ಅವಳ ಬೀಗರ ಮನೆಯನ್ನು ತಲುಪಿತು. ಬೀಗರು ಫೋನು ಮಾಡಿ, ಇಂಥ ಪರಿಸ್ಥಿತಿ ಬಂದಿದ್ದರೆ ಒಂದು ಮಾತು ತಿಳಿಸಬಾರದಿತ್ತೇ ಎಂದು ಮರುಗಿದರು. ಮರುಗಿದ್ದು ಸಾಲದೆಂದು ಒಂದು ಚೀಲ ಜೋಳವನ್ನೂ ಕಳಿಸಿಕೊಟ್ಟರು. ಬೀಗರ ಬೈಗಳನ್ನು ತಡೆದುಕೊಳ್ಳಬಹುದು, ಬೀಗರ ಕನಿಕರವನ್ನು ತಡೆದುಕೊಳ್ಳುವ ಹೆಣ್ಣುಮಕ್ಕಳು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಮಗಳು ಆ ಮನೆಯಲ್ಲಿ ಬಾಳಬೇಕು. ಅವಳ ತೌರು ಬಕೆಟ್ಟಿಗೆ ಕೈಯೊಡ್ಡುವ ಮನೆ ಎಂದಾಯಿತು. ಹಂಪಮ್ಮ ಆ ಚೀಲವನ್ನು ಬಿಚ್ಚದೆ ಮೂಲೆಯಲ್ಲಿಟ್ಟು, ಅದರ ಕಡೆ ನೋಡುವುದನ್ನೇ ಬಿಟ್ಟಿದ್ದಳಂತೆ.

ಕೆಲವು ವಾರಗಳಾದ ಮೇಲೆ ಪ್ರತಿಷ್ಠಾನದ ತರುಣ ಅಧಿಕಾರಿ ನಿಖಿಲ್, ಬಕೆಟ್ಟಿನಿಂದ ಜನಜೀವನದಲ್ಲಾದ ಪರಿವರ್ತನೆಯನ್ನು ಅಳೆಯಲು ಬೆಂಗಳೂರಿನಿಂದ ಬಂದ. ಒಳ್ಳೆಯ ಹುಡುಗ, ಅವನಿಗೆ ನಮ್ಮ ಕನ್ನಡ ಅರ್ಥವಾಗದು, ನಮ್ಮವರಿಗೆ ಅವನ ಪ್ರಶ್ನೆಗಳು ಅರ್ಥವಾಗವು. ಹೀಗಾಗಿ ದುಭಾಷಿಯಾಗಿ ನಾನೂ ಜೀಪು ಹತ್ತಿದೆ. ಹಂಪಮ್ಮನ ಮನೆಯ ಮುಂದೆ ಇಳಿದು ನೋಡಿದರೆ ಕಟ್ಟೆಯ ಮೇಲೆ ಓಣಿಯವರೆಲ್ಲರ ನೀಲಿ ಬಕೆಟ್ಟುಗಳು ಸಾಲಾಗಿ ಕೂತಿದ್ದವು. ಬೂದಿ ಹಚ್ಚಿ ತಿಕ್ಕಿದ್ದರಿಂದ ಹಲವು ಬಕೆಟ್ಟುಗಳಲ್ಲಿ ಧಣಿಗಳ ನಗು ಉಳಿದು ಮೂಗು ಹೋಗಿತ್ತು. ಮುಚ್ಚಳ ತೆಗೆದರೆ ಒಂದರಲ್ಲಿ ನವಣೆ, ಒಂದರಲ್ಲಿ ಶೇಂಗಾ, ಒಂದರಲ್ಲಿ ಹೊಸ ಹುಣಸೆಹಣ್ಣು, ಇನ್ನೊಂದರಲ್ಲಿ ಗುರೆಳ್ಳು ಚಟ್ನಿಪುಡಿ.

ಇದೇನೆಂದು ನಿಖಿಲ್ ಕೇಳಿದ. ಇದರಲ್ಲಿ ಕೇಳುವುದೇನಿದೆ ಎಂದು ಹಂಪಮ್ಮನಿಗೇ ಆಶ್ಚರ್ಯವಾಯಿತು. ಒಳಗಿನ ಸಾಮಾನು ಕೊಟ್ಟಿರಿ, ತಗೊಂಡೆವು, ಬಕೆಟ್ಟು ನಿಮ್ಮದಲ್ಲವೇ ಎಂದಳು. ಬಕೆಟ್ಟೂ ನಿಮಗೇ ಕೊಟ್ಟದ್ದು ಎಂದು ಅವನು ಹೇಳಿದ್ದನ್ನು ನಾನು ತಿಳಿಸಿದಾಗ, ಅವಳು ನನ್ನ ತಲೆಯ ಸ್ವಾಸ್ಥ್ಯವನ್ನೇ ಶಂಕಿಸುವಂತೆ ನೋಡಿದಳು.

"ಭಾಂಡೆ ಮ್ಯಾಲ ಹೆಸರು ಯಾಕ ಹೊಡಸ್ತಾರ ಸರ? ಯಾರ ಮನೀಗಿ ಹೋದ್ರೂ ವಾಪಸ್ ಬರ್ಲಿ ಅಂತ. ಇದ್ರ ಮ್ಯಾಲ ಹೆಸರೂ ಐತಿ, ಮಕಾನೂ ಐತಿ. ಮತ್ತ ನಾವು ಹೆಂಗ ಇಟ್ಕಣಾದು?"

ನನಗೆ ನನ್ನ ಗಡಿಯಾರ ನೆನಪಾಯಿತು. ಕೀರ್ತಿಶಾಸನವೆಂದು ಅಚ್ಚು ಹಾಕಿಸಿದ್ದನ್ನು ಇಡೀ ಓಣಿ ವಿಳಾಸವೆಂದು ಓದಿಕೊಂಡಿತ್ತು. ಕೊಟ್ಟವನ ಪಾತ್ರೆ ಕೊಟ್ಟವನಿಗೆ ಹೋಗಬೇಕು, ಖಾಲಿ ಹೋಗಬಾರದು. ಅವರ ಮಟ್ಟಿಗೆ ವಿಷಯ ಅಷ್ಟೇ.

ನಿಖಿಲ್ ಬೇವಿನ ಮರದ ಕೆಳಗೆ ಹೋಗಿ ಕಚೇರಿಗೆ ಫೋನು ಮಾಡಿದ. ಫಲಾನುಭವಿಗಳಿಗೆ ಕೊಡಲು ನಿಯಮಗಳಿವೆ, ಅವರಿಂದ ತೆಗೆದುಕೊಳ್ಳಲು ಇಲ್ಲ ಎಂಬ ಉತ್ತರ ಬಂತು. ಬಂಡವಾಳಶಾಹಿಯ ಆಚೆಗೆ ಅಷ್ಟು ದೂರ ಯೋಚಿಸಿದ್ದ ಪ್ರತಿಷ್ಠಾನಕ್ಕೆ ಒಂದು ಬಕೆಟ್ಟು ನವಣೆಯನ್ನು ದಾಟಲಾಗಲಿಲ್ಲ. ಅವನು ಮರಳಿ ಬಂದು, ದಯವಿಟ್ಟು ನೀವೇ ಇಟ್ಟುಕೊಳ್ಳಿ ಎಂದು ಕೈಮುಗಿದ. ಹಂಪಮ್ಮನ ಮುಖ ಇಳಿದುಹೋಯಿತು. ಹಡಗಲಿಯ ಚೀಲದ ಕತೆಯನ್ನು ಅವಳು ನನಗೆ ಹೇಳಿದ್ದು ಆಗಲೇ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳನ್ನು ಬಾಗಿಸಿ ಫೋಟೋ ತೆಗೆಯುವಾಗ ಅಧ್ಯಕ್ಷನೆಂದು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದವನು ನಾನೇ.

ಕಡೆಗೆ ಅವಳು ತನ್ನ ನವಣೆಯ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹುಡುಗನ ಮುಂದೆ ನಿಂತಳು.

"ಆವತ್ತು ನಾ ಕೈ ಒಡ್ಡೀನಿ, ಫೋಟೋ ತಗದೀರಿ. ಇವತ್ತು ನೀ ಒಡ್ಡಪ್ಪ. ಸರ ಫೋಟೋ ತಗೀತಾರ, ಹಡಗ್ಲಿಗೆ ಕಳಸ್ತಾರ."

ನಾನು ಅದನ್ನು ಅನುವಾದಿಸುವ ಗೋಜಿಗೆ ಹೋಗಲಿಲ್ಲ. ಹುಡುಗ ಒಮ್ಮೆ ಮೊಬೈಲು ನೋಡಿದ, ಒಮ್ಮೆ ಅವಳ ಮುಖ ನೋಡಿದ. ಮೊಬೈಲನ್ನು ಜೇಬಿಗೆ ಹಾಕಿಕೊಂಡು ಕೈಯೊಡ್ಡಿದ. ಬಕೆಟ್ಟಿನ ಭಾರಕ್ಕೆ ಅವನಾಗಿಯೇ ಬಾಗಿದ. ಬಾಗಿಸುವ ಅಗತ್ಯ ಬೀಳಲಿಲ್ಲ. ಹಂಪಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ನಾನು ಫೋಟೋ ತೆಗೆದೆ. ಉಳಿದ ಹೆಂಗಸರ ಬಕೆಟ್ಟುಗಳೂ ಜೀಪು ಸೇರಿದವು, ಹಿಂದೆ ಕೂರಲು ಜಾಗವಿಲ್ಲದೆ ನಾನು ಹುಣಸೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ಟೂರಿಗೆ ಬಂದೆ.

ಪ್ರತಿಷ್ಠಾನವೇನೂ ಸುಮ್ಮನಿರಲಿಲ್ಲ. ಫಲಾನುಭವಿಗಳು ಬಕೆಟ್ಟನ್ನು ಬಳಸುತ್ತಿಲ್ಲವೆಂದು ಷರಾ ಬರೆದು, ಮುಂದಿನ ವರ್ಷ ಬಕೆಟ್ಟು ಬಳಕೆಯ ತರಬೇತಿ ಶಿಬಿರ ನಡೆಸಲು ನಿರ್ಧರಿಸಿದೆಯಂತೆ; ಅಧ್ಯಕ್ಷತೆ ನನ್ನದೇ ಇರಬಹುದು. ಧಣಿಗಳ ಮನೆಗೆ ಒಂದಾದರೂ ಬಕೆಟ್ಟು ಮುಟ್ಟಿತೋ ಇಲ್ಲವೋ ತಿಳಿಯದು. ಎಲ್ಲವೂ ಇರುವ ಮನೆಗೆ ಯಾರೂ ಡಬ್ಬಿ ಕಳಿಸುವುದಿಲ್ಲ. ಕೊಡುವುದು ಅವರಿಗೆ ಬರುತ್ತದೆ, ಇಸಕೊಳ್ಳುವುದನ್ನು ಪಾಪ ಯಾರೂ ಕಲಿಸಿಲ್ಲ. ಕಲಿತಿದ್ದರೆ ಗಾಳಿಯನ್ನು ತೆಗೆದುಕೊಂಡ ದಿನವೇ ಅದು ಯಾರದೆಂದು ಕೇಳುತ್ತಿದ್ದರೋ ಏನೋ.

ಮೊನ್ನೆ ಬೆಂಗಳೂರಿನ ಬಸ್ಸಿನಲ್ಲಿ ನನ್ನ ಹೆಸರಿಗೆ ಒಂದು ನೀಲಿ ಬಕೆಟ್ಟು ಬಂತು. ನಿಖಿಲ್ ಕಳಿಸಿದ್ದ, ಒಳಗೆ ಅವನ ತಾಯಿ ಹಾಕಿದ ನಿಂಬೆಕಾಯಿ ಉಪ್ಪಿನಕಾಯಿ, ಹಂಪಮ್ಮನಿಗೊಂದು ಭರಣಿ, ನಮಗೊಂದು. ಅವಳ ಭರಣಿಯನ್ನು ಬಕೆಟ್ಟಿನ ಸಮೇತ ಒಯ್ದು ಕೊಟ್ಟಾಗ ಹಂಪಮ್ಮ ಬೆರಳ ತುದಿಯಿಂದ ರುಚಿ ನೋಡಿ, ಉಪ್ಪು ಕಮ್ಮಿಯಾಗಿದೆ, ಬಹಳ ದಿನ ತಡೆಯುವುದಿಲ್ಲ ಎಂದು ತೀರ್ಪಿತ್ತಳು. ಮೂಲೆಯಲ್ಲಿ ಜೋಳದ ಚೀಲವಿರಲಿಲ್ಲ. ಜೋಳ ತೆಗೆದಿಟ್ಟುಕೊಂಡು, ಚೀಲದ ತುಂಬ ಶೇಂಗಾ ಹಾಕಿ ಹಡಗಲಿಗೆ ವಾಪಸು ಕಳಿಸಿದ್ದಳಂತೆ. ಫೋಟೋ ನೋಡಿದ ಬೀಗರು, ಆ ಹುಡುಗ ಯಾರೆಂದು ಕೇಳಿದರೇ ಎಂದು ವಿಚಾರಿಸಿದೆ.

"ಕೇಳಿದ್ರು. ನಮ್ಮ ಹುಡುಗ, ಬೆಂಗಳೂರಾಗ ಅದಾನ ಅಂದೆ. ಪಾಪ, ಅಲ್ಲಿ ಏನು ಸಿಗ್ತೈತಿ ಅವ್ನಿಗಿ ಅಂದೆ."

ಬಕೆಟ್ಟನ್ನು ತೊಳೆದು ಬೋರಲು ಹಾಕಿಕೊಂಡಳು. ಈ ಸಲ ಅದು ಯಾರದೆಂದು ಕೇಳಲಿಲ್ಲ.

ಮನೆಗೆ ಬಂದಾಗ ಶ್ರೀಮತಿ ಗೌರಮ್ಮನವರ ಡಬ್ಬಿಗೆ ನಮ್ಮ ಪಾಲಿನ ಉಪ್ಪಿನಕಾಯಿಯನ್ನು ತುಂಬಿ, ಮೇಲೆ ಒಂದಿಷ್ಟು ಉಪ್ಪನ್ನೂ ಉದುರಿಸಿ, ಈಗ ಹೋಗಿ ಎಂದಳು. ರಸ್ತೆ ದಾಟಿ ಕೊಟ್ಟುಬಂದೆ. ಫೋಟೋ ಯಾರೂ ತೆಗೆಯಲಿಲ್ಲ.