ನಾಲ್ಕು ನಿಂಬೆಹಣ್ಣು, ಮಾವನ ಕಾರು

ಜೋಗುಪಾಳ್ಯದ ನಮ್ಮ ಮನೆಯ ಮುಂದಿನ ಶೆಡ್ಡಿನಲ್ಲಿ ಮಾವನ ಕಾರು ವರ್ಷಗಟ್ಟಲೆ ನಿಂತೇ ಇತ್ತು. ದುಂಡು ಮೂತಿ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಹಳೆಯ ಕಾಲದ ಪುಟ್ಟ ಕಾರು. ಮಾವ ತೀರಿಕೊಂಡ ಮೇಲೆ ಅದನ್ನು ಯಾರೂ ಓಡಿಸಲಿಲ್ಲ. ಆದರೂ ಪ್ರತಿ ಆಯುಧಪೂಜೆಗೆ ಅತ್ತೆ ಅದಕ್ಕೆ ಹೂವು ಹಾಕಿ, ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಡುತ್ತಿದ್ದರು. ಕಾರು ತಾನಾಗಿ ಅವುಗಳ ಮೇಲೆ ಹತ್ತಬೇಕು, ಅದು ಪದ್ಧತಿ. ಹತ್ತುವುದಿಲ್ಲವಲ್ಲ, ನಮ್ಮ ಯಜಮಾನರೂ ಮೈದುನನೂ ಹಿಂದಿನಿಂದ ದಬ್ಬಿ ಹಣ್ಣು ಜಜ್ಜಿಸಿ ತಿಂಡಿಗೆ ಹೋಗುತ್ತಿದ್ದರು.

ನಾನು ಕಾರ್ಖಾನೆಯ ಕೆಲಸದಿಂದ ನಿವೃತ್ತಳಾದ ವರ್ಷ ಮೈದುನ ಕಾರನ್ನು ಗುಜರಿಗೆ ಹಾಕುವ ಮಾತೆತ್ತಿದ. ಮಾತೆತ್ತಿದ್ದಷ್ಟೇ ಅಲ್ಲ, ವಿಜಯದಶಮಿಯ ಮರುದಿನ ಬಂದು ಎಳೆದುಕೊಂಡು ಹೋಗುವಂತೆ ಶಿವಾಜಿನಗರದ ಗುಜರಿಯವನಿಗೆ ಹೇಳಿಯೂ ಬಂದಿದ್ದ. ಅತ್ತೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ನನ್ನೊಬ್ಬಳಿಗೆ ಕೇಳುವ ಹಾಗೆ, "ಒಂದ್ಸಲನಾದ್ರೂ ಮುಂದಿನ ಸೀಟಲ್ಲಿ ಕೂತ್ಕೊಂಡು ಹಲಸೂರು ಕೆರೆ ಸುತ್ಬೇಕು ಅಂತಿತ್ತು ಕಣೇ," ಅಂದರು.

ಮಾವ ಇದ್ದಷ್ಟು ದಿನ ಆ ಸೀಟು ಗಂಡಸರದಾಗಿತ್ತಂತೆ. ಮಾವನ ಪಕ್ಕದಲ್ಲಿ ಅವರ ಅಣ್ಣ, ಅಣ್ಣ ಇಲ್ಲದಿದ್ದರೆ ಯಾರಾದರೂ ಸ್ನೇಹಿತರು, ಯಾರೂ ಇಲ್ಲದಿದ್ದರೆ ತರಕಾರಿ ಚೀಲ. ಅತ್ತೆ ಹಿಂದೆ, ಮಕ್ಕಳ ನಡುವೆ. ತರಕಾರಿ ಚೀಲಕ್ಕಿದ್ದ ಯೋಗ್ಯತೆ ಅತ್ತೆಗಿರಲಿಲ್ಲವೇ? ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು, ನಾನು ಮಾಡಿಕೊಂಡೆ.

"ಈ ಸಲ ಕಾರು ತಾನೇ ನಿಂಬೆಹಣ್ಣು ಹತ್ತುತ್ತೆ ಅತ್ತೆ. ನೀವು ಮುಂದೆ ಕೂತಿರ್ತೀರ," ಅಂದೆ. ಅದು ಕಿವಿಗೆ ಬಿದ್ದು ಯಜಮಾನರಿಗೆ ನಗು ತಡೆಯಲಾಗಲಿಲ್ಲ. "ಅದೇನು ಪ್ರೆಷರ್ ಕುಕ್ಕರ್ರಾ, ಗ್ಯಾಸ್ಕೆಟ್ ಬದಲಾಯಿಸಿದ್ರೆ ಕೂಗೋಕೆ?" ಎಂದು ನಗುತ್ತಲೇ, ಕಾರಿನ ಕಾಗದಪತ್ರಗಳನ್ನೆಲ್ಲ ಸರಿಮಾಡಿಸಿಕೊಂಡು ಬಂದರು. ಅವರು ಹಾಗೆಯೇ.

ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಆಯುಷ್ಯ ಸವೆಸಿದವಳು ನಾನು. ಬಿಚ್ಚಿದ್ದನ್ನು ಮತ್ತೆ ಜೋಡಿಸಬಲ್ಲೆ ಎಂಬ ಧೈರ್ಯ ನನಗೆ ಯಾವತ್ತೂ ಕಡಿಮೆಯಾದದ್ದಿಲ್ಲ. ಮೊದಲು ಬ್ರೇಕು ಸರಿಮಾಡಿದೆ, ಓಡದಿದ್ದರೂ ಪರವಾಗಿಲ್ಲ, ನಿಲ್ಲಲೇಬೇಕು. ಆಮೇಲೆ ಪೆಟ್ರೋಲ್ ಟ್ಯಾಂಕು ಇಳಿಸಿ, ಒಳಗೆ ಜಲ್ಲಿಕಲ್ಲು ಹಾಕಿ ಕುಲುಕಿ ತುಕ್ಕು ತೆಗೆದೆ. ಶಿವಾಜಿನಗರದ ಬಿಡಿಭಾಗದ ಅಂಗಡಿಯವರು, "ಮೇಸ್ತ್ರಿನ ಕಳ್ಸಿ ಅಮ್ಮಾ, ನಿಮ್ಗೆ ಗೊತ್ತಾಗಲ್ಲ," ಅಂದರು. "ಮೇಸ್ತ್ರಿ ಬಂದಿದಾರೆ, ಪೆಟ್ರೋಲ್ ಪಂಪಿನ ರಬ್ಬರ್ ತೋರ್ಸಿ," ಅಂದೆ.

ಹಬ್ಬಕ್ಕೆ ಕೆಲವೇ ದಿನ ಇರುವಾಗ ಎಂಜಿನ್ನು ಹತ್ತಿಕೊಂಡಿತು. ಇಡೀ ಬೀದಿಗೆ ಹೊಗೆ. ಆದರೆ ಅದರ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಪೆಟ್ರೋಲು ಹೆಚ್ಚು ಬಿಡುವ ಚೋಕು ಎಳೆದು ಹಿಡಿದಷ್ಟು ಹೊತ್ತು ಓಡುತ್ತದೆ, ಬಿಟ್ಟರೆ ಕೆಮ್ಮಿ ಆರಿಹೋಗುತ್ತದೆ. ಪ್ಲಗ್ಗು ಬದಲಾಯಿಸಿದೆ, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಸ್ಕ್ರೂಗಳನ್ನು ಹಿಂದೆ ಮುಂದೆ ತಿರುಗಿಸಿದೆ. ಏನು ಮಾಡಿದರೂ ಅದೇ ಹಣೆಬರಹ. ಮೈದುನ ಗೇಟಿನ ಹತ್ತಿರ ನಿಂತು, "ಗುಜರಿಯವನಿಗೆ ಬೇಗ ಬಾ ಅಂತ ಹೇಳ್ಲಾ ಅತ್ತಿಗೆ?" ಅಂದ. "ಹೇಳು, ನಿಂಬೆಹಣ್ಣಿನ ಪಾನಕ ಕುಡ್ಕೊಂಡು ವಾಪಸ್ ಹೋಗ್ಲಿ," ಅಂದೆ. ಬಾಯಲ್ಲಿ ಹಾಗಂದರೂ, ಒಳಗೆ ಅತ್ತೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಕಾರ್ಬುರೇಟರನ್ನು ಪೂರ್ತಿ ಕಳಚಿ ಹಳೆಯ ಸೀರೆಯ ಮೇಲೆ ಹರಡಿಕೊಂಡು ಕೂತೆ. ಗಾಡಿ ನಿಂತಲ್ಲೇ ಉಸಿರಾಡುತ್ತಿರಬೇಕಾದರೆ ಪೆಟ್ರೋಲು ಒಂದು ಸಣ್ಣ ಹಿತ್ತಾಳೆ ಜೆಟ್ಟಿನ ತೂತಿನಿಂದ ಬರಬೇಕು. ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಬೆಳಕು ಕಾಣಲಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಒಂದು ಎಳೆ ಕಿತ್ತು ಚುಚ್ಚಿದಾಗ ತುದಿಗೆ ಕೆಂಪು ಹತ್ತಿಕೊಂಡು ಬಂತು. ತುಕ್ಕು ಎಂದುಕೊಂಡೆ. ಬೆರಳಿನಲ್ಲಿ ಉಜ್ಜಿದರೆ ತುಕ್ಕಿನ ತರಿಯಿಲ್ಲ, ನುಣುಪು. ಬೆರಳೆಲ್ಲ ಕೆಂಪಾಯಿತು.

ಕುಂಕುಮ!

ಕಾರ್ಬುರೇಟರಿನ ಮೇಲಿರಬೇಕಾದ ಗಾಳಿಯ ಫಿಲ್ಟರು ಎಂದೋ ಕಳೆದುಹೋಗಿತ್ತು. ಪ್ರತಿ ಹಬ್ಬಕ್ಕೂ ಅತ್ತೆ ಬಾನೆಟ್ ಎತ್ತಿಸಿ, ಅಲ್ಲಿ ತೆರೆದುಕೊಂಡಿದ್ದ ಬಾಯಿಗೇ ಭಕ್ತಿಯಿಂದ ಅರಿಶಿನ ಕುಂಕುಮ ಏರಿಸುತ್ತಿದ್ದರು. ಕಾರು ಓಡಲಿ ಎಂದು ಬೇಡಿಕೊಳ್ಳುತ್ತಲೇ ಅದರ ಗಂಟಲು ಕಟ್ಟಿದ್ದರು.

ಕರೆದು ತೋರಿಸಿದೆ. ಅತ್ತೆ ನನ್ನ ಬೆರಳನ್ನೂ ಜೆಟ್ಟನ್ನೂ ನೋಡಿದರು. "ಅಯ್ಯೋ, ನಾನೇನಾ?" ಎಂದವರ ಮುಖ ಸಣ್ಣದಾಯಿತು. ನನಗೆ ನಗು ಬಂದುಬಿಟ್ಟಿತು, ಅದನ್ನು ನೋಡಿ ಅವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಿನ್ ಗಂಡಂಗೆ ಹೇಳ್ಬೇಡ," ಅಂದರು.

ಅಂದೇ ಎಲ್ಲ ತೊಳೆದು ಜೋಡಿಸಿ, ಹೊಸ ಫಿಲ್ಟರು ಕೂರಿಸಿದೆ. ಎಂಜಿನ್ನಿನ ಮೇಲೆ ಒಂದು ಲೋಟ ನೀರಿಟ್ಟು, ನೀರಿನ ನಡುಕ ಕಡಿಮೆಯಾಗುವವರೆಗೆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಕೊನೆಗೆ ಚೋಕಿನ ಹಂಗಿಲ್ಲದೆ ಗಾಡಿ ಹದವಾಗಿ ಗುನುಗಿತು.

ಆಯುಧಪೂಜೆಯ ದಿನ ಅತ್ತೆ ತಟ್ಟೆ ಹಿಡಿದು ಬಂದು, ಒಮ್ಮೆ ನನ್ನ ಮುಖ ನೋಡಿ, ಮುಚ್ಚಿದ ಬಾನೆಟ್ಟಿನ ಮೇಲೆ ಕುಂಕುಮ ಇಟ್ಟರು. ಆಮೇಲೆ ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಕೈಹಾಕಿದರು. ನಾನು ಸ್ಟೀರಿಂಗ್ ಹಿಡಿದು ಕೂತಾಗ, ಯಜಮಾನರು ಆಗಲೇ ನನ್ನ ಪಕ್ಕದ ಸೀಟಿನಲ್ಲಿ ಕೂತು ಕಿಟಕಿಯ ಗಾಜು ಇಳಿಸುತ್ತಿದ್ದರು.

"ರೀ, ಇಳೀರಿ. ಹಿಂದೆ ಹೋಗಿ," ಅಂದೆ.

ಇಳಿದು ಹಿಂದೆ ಮೈದುನನ ಪಕ್ಕ ಕೂತರು. ಅತ್ತೆ ಸೀರೆ ಒತ್ತಿಕೊಂಡು ನನ್ನ ಪಕ್ಕದಲ್ಲಿ ಕೂತರು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಚಕ್ರದಡಿ ನಿಂಬೆಹಣ್ಣುಗಳು ಪಚಕ್ ಎಂದವು, ದಬ್ಬಲು ಯಾರೂ ಬೇಕಾಗಲಿಲ್ಲ.

ಕೆರೆಯ ಅರ್ಧ ಸುತ್ತು ಮುಗಿದಿತ್ತು. ಹಿಂದಿನ ಸೀಟಿನಲ್ಲಿ ಮೈದುನ ತಗ್ಗಿದ ದನಿಯಲ್ಲಿ ಫೋನಿನಲ್ಲಿದ್ದ. "ಬರ್ಬೇಡಿ ಗುರು, ಗಾಡಿ ಓಡ್ತಿದೆ," ಅನ್ನುತ್ತಿದ್ದ.

"ಇಲ್ಲಿಂದ ಇಷ್ಟೊಂದು ರಸ್ತೆ ಕಾಣ್ಸುತ್ತಾ?" ಅಂದರು ಅತ್ತೆ. "ನಂಗೆ ನಿಮ್ಮಾವನ ಕತ್ತೊಂದೇ ಕಾಣ್ಸೋದು."

ಹಿಂದಿನಿಂದ ಯಜಮಾನರು, "ಅಮ್ಮಾ, ಮನೇಲಿ ತಿಂಡಿ ಆರೋಗ್ತಿದೆ," ಅಂದರು.

"ಆರ್ಲಿ ಬಿಡು," ಎಂದ ಅತ್ತೆ ತಿರುಗಿಯೂ ನೋಡಲಿಲ್ಲ. ಎದುರಿನ ರಸ್ತೆಯನ್ನೇ ನೋಡುತ್ತಾ ನನಗೆ ಹೇಳಿದರು: "ಇನ್ನೊಂದ್ ಸುತ್ತು ಹಾಕು."