ಹದಿನೈದನೆಯ ಕೂಸು

ಚಿತ್ರದುರ್ಗದ ತರಬೇತಿ ಕೇಂದ್ರದಲ್ಲಿ ನಮಗೆ ಕಲಿಸಿದ ಮೊದಲ ಪಾಠ ಗಡಿಯಾರದ್ದು. ಐದಕ್ಕೆ ಏಳಬೇಕು, ಐದೂವರೆಗೆ ಪ್ರಾರ್ಥನೆ, ಆರಕ್ಕೆ ಅಂಗಳ ಗುಡಿಸುವುದು, ಏಳಕ್ಕೆ ದಿನಚರಿ ಪುಸ್ತಕ ಮೇಜಿನ ಮೇಲಿರಬೇಕು. ತಡವಾದರೆ ವಾರ್ಡನ್ ಏನೂ ಅನ್ನುತ್ತಿರಲಿಲ್ಲ, ಪುಸ್ತಕದಲ್ಲಿ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. ಇಡೀ ವರ್ಷದಲ್ಲಿ ನನ್ನ ಪುಸ್ತಕಕ್ಕೆ ಒಂದು ಗೆರೆಯೂ ಬೀಳಲಿಲ್ಲ. ಹೆಮ್ಮೆಗಾಗಿ ಇದನ್ನು ಬರೆಯುತ್ತಿಲ್ಲ. ಮುಂದೆ ನಾನು ಮಾಡಿದ್ದು ಈ ಅಭ್ಯಾಸದಿಂದಲೇ ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನನಗಾಗ ಇಪ್ಪತ್ತೊಂದು ವರ್ಷ. ಗ್ರಾಮಸೇವಿಕೆಯ ಕೆಲಸ ಸಿಗಬೇಕಾದರೆ ಓದು ಮುಗಿದ ಮೇಲೆ ಮೂರು ತಿಂಗಳು ಒಂದು ಹಳ್ಳಿಯಲ್ಲಿ ಇರಬೇಕು, ಮಹಿಳಾ ಮಂಡಳಿ ನಡೆಸಬೇಕು, ಜನರನ್ನು ಸೇರಿಸಿ ಒಂದು ಸಾರ್ವಜನಿಕ ಕಾರ್ಯಕ್ರಮ ಮಾಡಿ ವರದಿ ಒಪ್ಪಿಸಬೇಕು. ನನ್ನ ಪಾಲಿಗೆ ಬಂದದ್ದು ಹೊಸದುರ್ಗ ತಾಲ್ಲೂಕಿನಲ್ಲಿ ಮಾಡದಕೆರೆಯಿಂದ ಎರಡು ಮೈಲಿ ಒಳಗಿದ್ದ ಊರು. ಮಂಡಳಿಯ ಅಧ್ಯಕ್ಷೆ ಅಲ್ಲಿನ ದೊಡ್ಡಮನೆಯ ಯಜಮಾನಿ. ನನಗೆ ಇರಲು ಕೋಣೆ ಕೊಟ್ಟವರು ಅವರೇ, ಎರಡು ಹೊತ್ತು ಊಟ ಹಾಕಿದವರೂ ಅವರೇ.

ಊರಿನ ತೆಂಕಣ ಕೇರಿಯಲ್ಲಿ ಕುರಿಗಾರರ ಮನೆಗಳಿದ್ದವು. ಸಂಕ್ರಾಂತಿ ಕಳೆದ ಮೇಲೆ ಗಂಡಸರು ಮಂದೆ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆಗಳಿಗೆ ಹೋಗುತ್ತಿದ್ದರು. ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಕುರಿಗೆ ಮೇವು. ಮತ್ತೆ ಅವರು ಊರ ಮುಖ ಕಾಣುವುದು ಉಗಾದಿಗೆ. ಅಷ್ಟು ದಿನ ಕೇರಿಯಲ್ಲಿ ಹೆಂಗಸರದೇ ರಾಜ್ಯ. ಮಧ್ಯಾಹ್ನ ಎರಡಕ್ಕೆ ಮಂಡಳಿ ಎಂದರೆ ಅವರು ಮೂರಕ್ಕೆ ಬರುತ್ತಿದ್ದರು, ಕೈಯಲ್ಲಿ ಉಣ್ಣೆ, ಕದಿರು. ನಾನು ಪೌಷ್ಟಿಕ ಆಹಾರದ ಬಗ್ಗೆ ಹೇಳುತ್ತಿದ್ದರೆ ಅವರ ಕದಿರು ತಿರುಗುತ್ತಿತ್ತು.

ಎರಡಕ್ಕೆ ಸರಿಯಾಗಿ ಬರುತ್ತಿದ್ದವಳು ಒಬ್ಬಳೇ. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಸೊಂಟದ ಮೇಲೆ ಹನ್ನೊಂದು ತಿಂಗಳ ಗಂಡುಕೂಸು. ತವರು ಹೊಳಲ್ಕೆರೆ ಕಡೆ ರಾಮಗಿರಿ, ಅಪ್ಪನೂ ಕುರಿಗಾರನೇ. ಗಂಡ ಮಂದೆಯ ಜೊತೆ ಹೋಗಿದ್ದ. ಮನೆಯಲ್ಲಿ ಅವಳು, ಕೂಸು, ಅತ್ತೆ, ಮೂವರೇ. "ಅಕ್ಕಾರೆ, ನಾನು ಮೊದ್ಲೇ ಬಂದ್ರೆ ಬಾಗ್ಲಾಗೆ ಗಾಳಿ ಬರೋ ಜಾಗ ಸಿಕ್ತತೆ," ಎನ್ನುತ್ತಿದ್ದಳು. ಕಾರಣ ಅದಲ್ಲವೆಂದು ನನಗೆ ಗೊತ್ತಿತ್ತು. ನಾನು ಬಾಗಿಲಲ್ಲಿ ಒಬ್ಬಳೇ ಕಾದು ನಿಲ್ಲುವುದನ್ನು ಅವಳು ನೋಡಿದ್ದಳು.

ಕಾರ್ಯಕ್ರಮಕ್ಕೆ ನಾನು ಶಿಶು ಪ್ರದರ್ಶನ ಆರಿಸಿಕೊಂಡೆ. ಆ ಕಾಲದಲ್ಲಿ ಅದು ಬಹಳ ನಡೆಯುತ್ತಿತ್ತು. ಕೂಸುಗಳ ತೂಕ ನೋಡುವುದು, ಹಲ್ಲು ಕಣ್ಣು ನೋಡುವುದು, ಚೆನ್ನಾಗಿ ಬೆಳೆದದ್ದಕ್ಕೆ ಬಹುಮಾನ. ಎರಡು ವರ್ಷದೊಳಗಿನ ಹದಿನೈದು ಮಕ್ಕಳಾದರೂ ಇರಬೇಕು, ಕಡಿಮೆಯಾದರೆ ಕಾರ್ಯಕ್ರಮ ನಡೆದಂತೆ ಲೆಕ್ಕವಿಲ್ಲ ಎಂದು ನಮಗೆ ಕೊಟ್ಟ ಹಾಳೆಯಲ್ಲಿತ್ತು. ಕೂಸುಗಳನ್ನು ತೂಗಲು, ಉಣ್ಣೆ ಕೊಳ್ಳಲು ಬರುವ ವ್ಯಾಪಾರಿ ಸಾಹೇಬರಿಂದ ಕೊಕ್ಕೆಯ ತಕ್ಕಡಿ ಕೇಳಿ ತಂದೆ. ತಪ್ಪಾಯಿತು. ತಕ್ಕಡಿಯ ಸುದ್ದಿ ತೆಂಕಣ ಕೇರಿಗೆ ನನಗಿಂತ ಮೊದಲೇ ಮುಟ್ಟಿತ್ತು.

"ಅಲ್ಲ ಅಕ್ಕಾರೆ, ಉಣ್ಣೆ ತೂಗೋದು ಮಾರಾಕೆ. ಮನ್ಯಾಗೆ ಇಟ್ಕಳೋ ವಸ್ತುನ ಯಾರಾದ್ರೂ ತೂಗ್ತಾರೇನ್ರಿ?" ಎಂದಳು ಒಬ್ಬಳು.

"ತೂಕ ಹಾಕಿದ್ದು ಮನ್ಯಾಗೆ ನಿಲ್ಲಾದಿಲ್ಲ," ಎಂದಳು ಇನ್ನೊಬ್ಬಳು, ದೊಡ್ಡವಳು.

"ಮೊದ್ಲು ನಿಮ್ದೊಂದು ಕೂಸು ತಗಂಡು ಬಂದು ತೂಗಿ ತೋರ್ಸ್ರಿ. ಆಮ್ಯಾಕೆ ನಮ್ದು ಕೊಡ್ತೀವಿ."

ಎಲ್ಲರೂ ನಕ್ಕರು. ನನಗಿನ್ನೂ ಮದುವೆಯಾಗಿರಲಿಲ್ಲ, ಕಿವಿಯವರೆಗೂ ಬಿಸಿಯಾಯಿತು. ಆಗ ಬಾಗಿಲ ಬಳಿ ಕೂತಿದ್ದ ಅವಳು ಹೇಳಿದಳು:

"ನಾನು ತರ್ತೀನಿ. ಈ ಕೂಸಿನಪ್ಪ ಉಗಾದಿಗೆ ಬಂದ್ರೆ, ಇಂಥಾ ಮರಿ ಹೋಗಾಗ ಇಷ್ಟಿತ್ತು ಈಗ ಇಷ್ಟಾಗೈತೆ ಅಂತ ಎಲ್ಲಾನೂ ಹೇಳ್ತಾನೆ. ನಾನು ನನ್ನ ಮಗಂದು ಹೇಳ್ಬ್ಯಾಡ್ವಾ?"

ಅವಳು ಒಪ್ಪಿದ ಮೇಲೆ ಆ ಕೇರಿಯಿಂದ ಇನ್ನೂ ನಾಲ್ವರು ಒಪ್ಪಿದರು. ಅವಳ ಅತ್ತೆ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳೆಂದು ಆಮೇಲೆ ಕೇಳಿದೆ.

ಪ್ರದರ್ಶನದ ಬೆಳಿಗ್ಗೆ ಎಲ್ಲ ನನ್ನ ಪಟ್ಟಿಯಂತೆ ನಡೆಯಿತು. ಶಾಲೆಯ ಜಗಲಿ ಸಾರಿಸಿ ರಂಗೋಲಿ ಹಾಕಿದ್ದೆ. ತೊಲೆಗೆ ತಕ್ಕಡಿ ತೂಗುಹಾಕಿ, ಅದರ ಕೊಕ್ಕೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿದ್ದೆ. ಹನ್ನೊಂದೂವರೆಯ ಬಸ್ಸಿಗೆ ಹೊಸದುರ್ಗದಿಂದ ಮೇಲಧಿಕಾರಿ ಒಬ್ಬರು ಬಂದು ಬಹುಮಾನ ಕೊಡುವವರಿದ್ದರು. ಅಷ್ಟರೊಳಗೆ ತೂಕ ಮುಗಿಯಬೇಕು. ಹತ್ತು ಗಂಟೆಗೆ ಕೂಸುಗಳನ್ನು ಎಣಿಸಿದೆ. ಹದಿನಾಲ್ಕು.

ಊರೊಳಗಿನಿಂದ ಬರುತ್ತೇನೆಂದವಳೊಬ್ಬಳು ಬಂದಿರಲಿಲ್ಲ. ಅವಳ ಮನೆಗೆ ಓಡಿದೆ, ಬೀಗ. ಬೇರೆ ಎರಡು ಮನೆಗೆ ಹೋದೆ, ಒಲ್ಲೆವೆಂದರು. ಹತ್ತೂವರೆಗೆ ವಾಪಸು ಬಂದಾಗ ದೊಡ್ಡಮನೆಯ ಅಧ್ಯಕ್ಷೆ ತಮ್ಮ ಮೊಮ್ಮಗನನ್ನು ಎತ್ತಿಕೊಂಡು ಜಗಲಿಯ ಮೇಲೆ ನಿಂತಿದ್ದರು. ಮಗಳು ಹಿಂದಿನ ರಾತ್ರಿಯಷ್ಟೇ ಹಿರಿಯೂರಿನಿಂದ ಬಂದಿದ್ದಳು.

"ಒಂದು ಕಮ್ಮಿ ಆಗೈತಂತಲ್ಲ. ನಮ್ಮುಡುಗುನ್ನ ಹಾಕ್ಕಳಮ್ಮ," ಎಂದರು.

ಕೂಸಿನ ಕಣ್ಣು ಕೆಂಪಗಿದ್ದವು, ನೀರು ಸೋರುತ್ತಿತ್ತು. ಮೂಗೂ ಸೋರುತ್ತಿತ್ತು. ಕೆನ್ನೆ ಮುಟ್ಟಿದೆ, ಬೆಚ್ಚಗಿತ್ತು. ಈ ಮೂರೂ ಇದ್ದರೆ ದಡಾರ ಏಳುವ ಮುನ್ಸೂಚನೆ, ಕೂಸನ್ನು ಬೇರೆ ಮಕ್ಕಳಿಂದ ದೂರ ಇಡಬೇಕು ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಬರೆದಿತ್ತು. ಆ ಪಾಠದ ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂದಿತ್ತು.

"ಕಣ್ಣು ಯಾಕೆ ಹೀಗಾಗಿದೆ?" ಎಂದೆ.

"ಬಸ್ಸಿನ ಧೂಳು ಕಣಮ್ಮ. ಹಿರಿಯೂರಿಂದ ಬರಾದಂದ್ರೆ ಸುಮ್ನೇನಾ?"

ಧೂಳು ಎಂಬ ಮಾತನ್ನು ಯಾರಾದರೂ ಹೇಳಲಿ ಎಂದೇ ನಾನು ಕಾಯುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಪಟ್ಟಿಯಲ್ಲಿ ಹದಿನೈದನೆಯ ಹೆಸರು ಬರೆದೆ. ಅಧ್ಯಕ್ಷೆಯ ಮೊಮ್ಮಗನೆಂದು ಅವನನ್ನೇ ಮೊದಲು ಜೋಳಿಗೆಗೆ ಹಾಕಿದೆವು. ಅವನು ಅತ್ತ, ಸೀನಿದ, ಮೂಗನ್ನು ಜೋಳಿಗೆಗೆ ಒರೆಸಿದ. ಅದೇ ಜೋಳಿಗೆಯಲ್ಲಿ ಉಳಿದ ಹದಿನಾಲ್ಕು ಕೂಸುಗಳನ್ನು ಒಂದರ ಹಿಂದೆ ಒಂದು ತೂಗಿದೆ. ಹನ್ನೊಂದೂಕಾಲಿಗೆ ಕೆಲಸ ಮುಗಿದಿತ್ತು. ಬಸ್ಸು ಬರುವ ಹೊತ್ತಿಗೆ ದೊಡ್ಡಮನೆಯವರು ತಮ್ಮ ಕೂಸನ್ನು ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದ್ದರು.

ಮೊದಲನೆಯ ಬಹುಮಾನ ಬಂದದ್ದು, ಮಂಡಳಿಗೆ ಎರಡಕ್ಕೇ ಬರುತ್ತಿದ್ದ ಅವಳ ಮಗನಿಗೆ. ಒಂದು ಸ್ಟೀಲ್ ಲೋಟ. ಅದನ್ನು ಅವನು ಬಾಯಿಗಿಟ್ಟು ಕಚ್ಚಿದ. ಅವಳು ನನ್ನ ಹತ್ತಿರ ಬಂದು ತೂಕವನ್ನು ಮೂರು ಸಲ ಹೇಳಿಸಿಕೊಂಡಳು, ಮರೆತು ಹೋಗಬಾರದೆಂದು.

ಮೂರನೆಯ ದಿನ ದೊಡ್ಡಮನೆಯ ಕೂಸಿಗೆ ಮೈತುಂಬ ಎದ್ದಿತು. ಅಮ್ಮ ಬಂದಳೆಂದು ಒಳಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಹೊರಗೆ ಸುದ್ದಿ ಬಿಡಲಿಲ್ಲ. ಒಂದು ವಾರದಲ್ಲಿ ಅದು ಎದ್ದು ಆಡಿತು. ನಾನು ವರದಿ ಬರೆಯಲು ಕೂತೆ. ಹನ್ನೆರಡನೆಯ ದಿನ ತೆಂಕಣ ಕೇರಿಯಲ್ಲಿ ಬೇವಿನ ಸೊಪ್ಪು ಕಾಣಿಸಿತು. ಒಂದಲ್ಲ, ಐದು ಬಾಗಿಲಿಗೆ. ತೂಕಕ್ಕೆ ಬಂದಿದ್ದ ಐದೂ ಮನೆಗಳು.

ಊರೊಳಗೆ ಬಂದ ಕೆಲವಕ್ಕೆ ಹಗುರಾಗಿ ಹೋಯಿತು, ಕೇರಿಯಲ್ಲೂ ನಾಲ್ಕು ಕೂಸುಗಳು ಉಳಿದವು. ಅವಳ ಮಗನಿಗೆ ಮೈ ಮೇಲಿನದು ಬಾಡಿದ ಮೇಲೂ ಜ್ವರ ಇಳಿಯಲಿಲ್ಲ. ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. ಅಮ್ಮ ಬಂದ ಮನೆಯಿಂದ ಕೂಸನ್ನು ಹೊರಗೆ ತೆಗೆಯಬಾರದೆಂದು ಅತ್ತೆ ಅಡ್ಡ ನಿಂತಳು. ನಾನು ಕೂಗಾಡಿ ಗಾಡಿ ಕಟ್ಟಿಸಿ, ಮಾಡದಕೆರೆಯಲ್ಲಿ ಬಸ್ಸು ಹತ್ತಿಸಿ ಹೊಸದುರ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕಿವಿ ಇಟ್ಟ ಕೂಡಲೇ ಮುಖ ತಗ್ಗಿಸಿದರು. ದಡಾರದ ಹಿಂದೆ ಎದೆಗೆ ಇಳಿದಿದೆ, ಹೊತ್ತಾಗಿದೆ ಎಂದರು. ಸೂಜಿ ಚುಚ್ಚುತ್ತ ಕೇಳಿದರು:

"ಊರಲ್ಲಿ ಮೊದಲು ಯಾವ ಮಗುವಿಗೆ ಬಂತು, ಗೊತ್ತೇನಮ್ಮ?"

"ಗೊತ್ತಿಲ್ಲ ಸಾರ್," ಎಂದೆ.

ಆ ಸಂಜೆ ಕೂಸು ಹೋಯಿತು. ಬರುವಾಗ ಬಸ್ಸಿನಲ್ಲಿ ಅವಳು ಅದನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು. ಯಾರಿಗಾದರೂ ಗೊತ್ತಾದರೆ ಬಸ್ಸಿನಿಂದ ಇಳಿಸುತ್ತಾರೆಂದು ಮಡಿಲನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದಳು, ಮಲಗಿಸುವವಳ ಹಾಗೆ. ನಾನು ಪಕ್ಕದಲ್ಲಿ ಕೂತು ಎರಡು ಟಿಕೆಟು ಹಿಡಿದುಕೊಂಡಿದ್ದೆ.

ಊರಿಗೆ ಒಂದೇ ಕಾರಣ ಗೊತ್ತಿತ್ತು. ತಕ್ಕಡಿ. ಅತ್ತೆ ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಿದ್ದಳು. "ಉಣ್ಣೆ ತೂಗೋ ಕೊಕ್ಕೆಗೆ ನೇತಾಕಿದ್ಲು ನನ್ನ ಮೊಮ್ಮಗುನ್ನ. ಊರೆಲ್ಲ ನಿಂತ್ಕಂಡು ನೋಡ್ತು. ಉಗಾದಿಗೆ ಅವನು ಬರ್ಲಿ. ಇವಳನ್ನ ಇಟ್ಕಂತಾನೋ, ರಾಮಗಿರಿಗೆ ಕಳಿಸ್ತಾನೋ, ಅವನೇ ಹೇಳ್ಲಿ."

ನನ್ನನ್ನು ಯಾರೂ ಬೈಯಲಿಲ್ಲ. ನಾನು ಸರ್ಕಾರದವಳು, ಹೊರಗಿನವಳು. ಎಲ್ಲ ಅವಳ ಮೇಲೆ ಬಿತ್ತು. ನನಗೆ ಗೊತ್ತಿದ್ದ ನಿಜವನ್ನು ಹೇಳಿದರೆ ಅವಳ ಮೇಲಿನ ಮಾತು ಇಳಿದು ನನ್ನ ಮೇಲೆ ಬರುತ್ತದೆ, ಅವಳು ಆ ಮನೆಯಲ್ಲಿ ಉಳಿಯುತ್ತಾಳೆ. ಇಷ್ಟು ಸರಳವಾದ ಲೆಕ್ಕ ಮಾಡಲು ನನಗೆ ಹತ್ತು ದಿನ ಬೇಕಾಯಿತು. ಅಷ್ಟರಲ್ಲಿ ವರದಿ ಕಳಿಸಿ ಆಗಿತ್ತು. ಅದರಲ್ಲಿ ಹದಿನೈದು ಮಕ್ಕಳು, ಜನರ ಉತ್ಸಾಹ, ಕಾರ್ಯಕ್ರಮ ಯಶಸ್ವಿ.

ಊರು ಬಿಡುವ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅತ್ತೆ ಜಗಲಿಯ ಮೇಲೆ ಉಣ್ಣೆ ಬಿಡಿಸುತ್ತಿದ್ದಳು. ಸೊಸೆ ಹೊಸ್ತಿಲ ಒಳಗೆ ಕೂತಿದ್ದಳು.

"ಬರ್ರಿ, ಕುಂತ್ಕಳ್ರಿ," ಎಂದು ಅತ್ತೆ ಕಂಬಳಿ ಹಾಸಿದಳು.

ಹೇಳಬೇಕಾದ್ದನ್ನು ರಾತ್ರಿಯೇ ಸಾಲಾಗಿ ಜೋಡಿಸಿಕೊಂಡಿದ್ದೆ. ಅದೇ ಸಾಲಿನಲ್ಲಿ ಹೇಳಿದೆ. ಹಿರಿಯೂರಿನಿಂದ ಬಂದ ಕೂಸು, ಅದರ ಕಣ್ಣು, ಮೂಗು, ಮೈ ಬಿಸಿ. ಒಂದೇ ಜೋಳಿಗೆ. ಅವರಿಗೆ ಅರ್ಥವಾಗಲಿಕ್ಕಿಲ್ಲವೆಂದುಕೊಂಡು, ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಎಂದು ಎರಡು ಸಲ ಬಿಡಿಸಿ ಹೇಳಿದೆ.

ಅತ್ತೆಯ ಕೈ ನಿಂತಿತು. "ಹಂಗಾರೆ ತಕ್ಕಡಿದಲ್ಲ ಅಂತೀರಿ."

"ತಕ್ಕಡಿದಲ್ಲಮ್ಮ. ನಿಮ್ಮ ಸೊಸೆಯದು ಏನೂ ತಪ್ಪಿಲ್ಲ."

"ನೀವು ಕಂಡಿದ್ರಿ, ಆ ಕೂಸಿನ ಕಣ್ಣು."

"ಕಂಡಿದ್ದೆ. ತಪ್ಪು ನನ್ನದು."

ಅತ್ತೆ ನನ್ನನ್ನು ಬಿಟ್ಟು ಹೊಸ್ತಿಲ ಕಡೆ ತಿರುಗಿದಳು.

"ಏನೇ, ನೀನೂ ಕಂಡಿದ್ಯಾ?"

ಇಲ್ಲ ಎನ್ನಲಿ ಎಂದು ನಾನು ಸೊಸೆಯ ಮುಖವನ್ನೇ ನೋಡಿದೆ. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕಂಡಿದ್ದೆ ಅತ್ತೆ. ಕೆಂಪಗಿದ್ವು. ಅಕ್ಕಾರೂ ನೋಡಿದ್ರು, ಸುಮ್ನಿದ್ರು. ಓದ್ದೋರು ಸುಮ್ನಿದ್ದಾರಲ್ಲ, ಏನೂ ಇಲ್ದಿರ್ಬೌದು ಅನ್ಕಂಡೆ."

ಅತ್ತೆ ಕೈಯಲ್ಲಿದ್ದ ಉಣ್ಣೆಯನ್ನು ಕೆಳಗಿಟ್ಟಳು. ಆಮೇಲೆ, ಬೈಗುಳದ ದನಿಯಲ್ಲಲ್ಲ, ನಿಜವಾಗಿ ತಿಳಿಯದೆ ಕೇಳುವವಳಂತೆ ಕೇಳಿದಳು:

"ಕುರಿಗಾರ್ರ ಮಗಳು ನೀನು. ಮಂದ್ಯಾಗೆ ಒಂದು ಕುರಿಗೆ ಮೂಗು ಸೋರಿದ್ರೆ ಅದುನ್ನ ಬ್ಯಾರೆ ಕಟ್ತೀವಿ. ಅದು ಕುಡ್ದ ನೀರು ಇನ್ನೊಂದಕ್ಕೆ ಕುಡ್ಸಲ್ಲ. ಮರಿ ಆಗಿದ್ರೆ ನೀನು ಎತ್ಕಂಡು ಓಡಿ ಬರ್ತಿದ್ದೆ. ಮಗ ಆಗಿದ್ದಕ್ಕೆ ಸುಮ್ನೆ ನಿಂತ್ಕಂಡ್ಯಾ?"

ಅಂಟುರೋಗ ಎಂದರೆ ಏನೆಂದು ನಾನು ಆ ಮನೆಗೆ ಎರಡು ಸಲ ಬಿಡಿಸಿ ಹೇಳಿದ್ದೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರಿಗೆ ಗೊತ್ತಿರುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ತಕ್ಕಡಿಯ ದೋಷವಾಗಿದ್ದರೆ ಅದು ಹುಡುಗಾಟದ ತಪ್ಪು; ಕಣ್ಣೀರು ಸುರಿಸಿ, ದೇವರಿಗೆ ಕಾಣಿಕೆ ಇಟ್ಟು, ಗಂಡನ ಕಾಲು ಹಿಡಿದರೆ ಒಂದು ದಿನ ಮರೆಯಬಹುದಾಗಿತ್ತು. ಕಂಡೂ ಬೇರೆ ಮಾಡದೆ ನಿಂತದ್ದು ಕುರಿಗಾರರ ಮನೆಯಲ್ಲಿ ಮರೆಯುವಂಥದ್ದಲ್ಲ. ಅದನ್ನು ಅವಳ ಬಾಯಿಂದ ಹೊರಡಿಸಿದವಳು ನಾನು.

"ಅಮ್ಮ, ಅವಳು ನನ್ನನ್ನು ನಂಬಿದಳು," ಎಂದೆ.

"ಅದ್ನೇ ನಾನೂ ಹೇಳ್ತಿರಾದು," ಎಂದಳು ಅತ್ತೆ, ಮತ್ತೆ ಉಣ್ಣೆ ಎತ್ತಿಕೊಂಡಳು.

ಸೊಸೆ ಎದ್ದು ಒಳಗೆ ಹೋದಳು. ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಮೇಲಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದಲೇ, "ಅಕ್ಕಾರೆ, ಹೊತ್ತಾತು, ನಿಮ್ಮ ಬಸ್ಸು ಹೋಗ್ತತೆ," ಎಂದಳು.

ಗಂಡ ಬರುವವರೆಗೂ ಅವಳು ಕಾಯಲಿಲ್ಲ. ಉಗಾದಿಗೆ ನಾಲ್ಕು ದಿನ ಮುಂಚೆ ಅವಳೇ ರಾಮಗಿರಿಗೆ ಹೋದಳೆಂದು ದೊಡ್ಡಮನೆಯ ಅಧ್ಯಕ್ಷೆ ಕಾಗದ ಬರೆದರು. ಮಂದೆ ಬಂತು, ಗಂಡನೂ ಬಂದ, ಕರೆತರಲು ಹೋಗಲಿಲ್ಲ. ಅದೇ ಕಾಗದದಲ್ಲಿ ಮೊಮ್ಮಗ ಈಗ ನಡೆಯುತ್ತಾನೆಂದೂ ಇತ್ತು.

ಎರಡು ವರ್ಷದ ಮೇಲೆ ನನಗೆ ಹೊಳಲ್ಕೆರೆಗೆ ವರ್ಗವಾಯಿತು. ಒಂದು ಭಾನುವಾರ ರೈಲಿನಲ್ಲಿ ರಾಮಗಿರಿಗೆ ಹೋಗಿ ಇಳಿದೆ. ನಿಲ್ದಾಣದ ಹೊರಗೆ ಕುರಿ ಮೇಯಿಸುತ್ತಿದ್ದ ಮುದುಕನನ್ನು ಕೇಳಿದೆ. ಅವನಿಗೆ ಮನೆ ಗೊತ್ತಿತ್ತು. ಗುಡ್ಡದ ಬುಡದಲ್ಲಿ ಮೂರನೆಯದು ಎಂದು ಕೋಲು ಚಾಚಿ ತೋರಿಸಿದ. "ಆ ಹುಡುಗಿನಾ? ಐತೆ, ಮನ್ಯಾಗೇ ಐತೆ. ಹೊರಗೆ ಬರಾದು ಕಮ್ಮಿ. ನೀವು ಯಾರಾಗಬೇಕ್ರಿ ಅವ್ರಿಗೆ?"

ನಾನು ಗುಡ್ಡದ ಕಡೆ ನೋಡಿದೆ. ಹಿಂದಿನ ಸಲ ಒಳ್ಳೆಯದಾಗಲೆಂದು ಹೋಗಿ, ಹೇಳಬೇಕಾದ್ದನ್ನೆಲ್ಲ ಸಾಲಾಗಿ ಹೇಳಿ, ಅವಳಿಗೆ ಉಳಿದಿದ್ದ ಒಂದು ಮನೆಯನ್ನೂ ಕಳೆದಿದ್ದೆ. ಮೂರನೆಯ ಮನೆಯ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು. ತೆರೆದೇ ಇತ್ತು.

"ಯಾರೂ ಆಗಬೇಕಿಲ್ಲ," ಎಂದು ಹೇಳಿ, ನಿಲ್ದಾಣಕ್ಕೆ ಹಿಂತಿರುಗಿ ರೈಲಿಗೆ ಕಾದು ಕೂತೆ.