ಹೋಗುವಾಗ ದೀಪ ದೊಡ್ಡದು ಮಾಡಿ

ಕಳೆದ ವಾರ ಹಾಸ್ಟೆಲಿನ ಸ್ಟೋರ್ ರೂಮಿನಲ್ಲಿ ಟ್ಯೂಬಿನ ಚೋಕ್ ಸುಟ್ಟ ವಾಸನೆ ಬಂತು. ಇಡೀ ಕಟ್ಟಡದಲ್ಲಿ ಹಳೇ ಕಾಲದ ಟ್ಯೂಬ್‌ಲೈಟು ಉಳಿದಿರುವುದು ಅಲ್ಲೊಂದೇ. ಡಾಂಬರು ಕಾಯಿಸಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಫೋನಿಗೆ ಹೋಯಿತು. ನಂಬರು ಹುಡುಕಿ ಒತ್ತಬೇಕು ಅನ್ನುವಷ್ಟರಲ್ಲಿ ನೆನಪಾಯಿತು... ಅದನ್ನು ಎತ್ತುವವರು ಹೋಗಿ ಎರಡು ವರ್ಷವಾಯಿತು.

ನಾವೆಲ್ಲ ಅವರನ್ನು ಲೈನ್‌ಮನ್ ಅಜ್ಜ ಎನ್ನುತ್ತಿದ್ದೆವು. ಚನ್ನಗಿರಿಯವರು. ಕಂಬ ಹತ್ತಿ ಹತ್ತಿ ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಕಂಡವರ ಕಟ್ಟಡಗಳಲ್ಲಿ ಕರೆಂಟು ಎಲ್ಲಿ ದಂಡವಾಗುತ್ತಿದೆ ಎಂದು ಹುಡುಕಿಕೊಡುವ ಕೆಲಸ ಹಿಡಿದಿದ್ದರು. ಹೊನ್ನಾಳಿಯ ಒಂದು ಕಲ್ಯಾಣ ಮಂಟಪ, ನ್ಯಾಮತಿಯ ಒಂದು ಹೆರಿಗೆ ಆಸ್ಪತ್ರೆ, ಸಂತೇಬೆನ್ನೂರಿನ ಒಂದು ಶಾಲೆ, ಹೀಗೆ ಬಸ್ಸಿನಲ್ಲಿ ಓಡಾಡಿ ಅಲ್ಲೆಲ್ಲ ಬಿಲ್ಲು ಇಳಿಸಿ ಬಂದಿದ್ದರಂತೆ. ಬಸ್ ಚಾರ್ಜು, ಒಂದು ಊಟ, ಎರಡು ಟೀ ಅವರ ಫೀಜು.

ನಾನು ಜಗಳೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಟ್ರಸ್ಟಿನವರು ನಡೆಸುವ ಎರಡು ಮಹಡಿಯ ಕಟ್ಟಡ. ಆ ವರ್ಷ ಕಮಿಟಿಯವರು ಕರೆಂಟಿನ ಖರ್ಚು ತಡೆಯಲಾಗುತ್ತಿಲ್ಲ, ಜೂನಿನಿಂದ ಮೇಲಿನ ಮಹಡಿ ಮುಚ್ಚೋಣ ಎಂದರು. ಮೇಲಿನ ಮಹಡಿ ಅಂದರೆ ಹದಿನೆಂಟು ಹುಡುಗಿಯರು. ಹೆಚ್ಚಿನವರು ಸೊಕ್ಕೆ ಕಡೆಯ ಹಳ್ಳಿಯವರು. ಹಾಸ್ಟೆಲು ತಪ್ಪಿದರೆ ಅವರ ಓದು ಅಲ್ಲಿಗೇ ನಿಂತಂತೆ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಠ ಹಿಡಿದು ಸ್ವಲ್ಪ ಸಮಯ ಕೇಳಿದೆ. ಮಾರ್ಚ್ ಮೀಟಿಂಗಿನೊಳಗೆ ಬಿಲ್ಲು ಇಳಿಸಿ ತೋರಿಸಿ, ಆಮೇಲೆ ನೋಡೋಣ ಎಂದರು. ಇಳಿಸುವುದು ಹೇಗೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಕಮಿಟಿಯ ಒಬ್ಬರು ಕರುಣೆ ತೋರಿ ಅಜ್ಜನ ನಂಬರು ಕೊಟ್ಟರು.

ಅಜ್ಜ ಬಂದರು. ಕೈಯಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರು, ಒಂದು ಸುತ್ತು ಟೇಪು. ಇಷ್ಟರಲ್ಲಿ ಏನಾದೀತು ಎಂದು ನನಗೆ ನಂಬಿಕೆಯೇ ಬರಲಿಲ್ಲ. ಹುಡುಗಿಯರೆಲ್ಲ ಶಾಲೆಗೆ ಹೋದ ಮೇಲೆ ಮೀಟರಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಒಂದೊಂದೇ ಕೋಣೆಯ ಸ್ವಿಚ್ಚು ತೆಗೆಸಿ ಕರೆಂಟು ನಿಲ್ಲಿಸಿದರು. ಎಲ್ಲ ತೆಗೆದಾದ ಮೇಲೂ ಮೀಟರಿನ ಪುಟ್ಟ ಕೆಂಪು ದೀಪ, ಎಲ್ಲೋ ಇನ್ನೂ ಕರೆಂಟು ಹೋಗುತ್ತಿದೆ ಎನ್ನುವಂತೆ, ಮಿಟುಕುತ್ತಲೇ ಇತ್ತು. ಅಜ್ಜ ಅದನ್ನೇ ನೋಡುತ್ತಾ ಟೀ ಕುಡಿದರು. ಹಿಂದಿನ ಗೆಸ್ಟ್ ರೂಮಿನ ಬೀಗದ ಕೈ ಎಲ್ಲಿ ಎಂದು ಕೇಳಿದರು. ಅದು ಕಮಿಟಿ ಅಧ್ಯಕ್ಷರ ಹತ್ತಿರ ಇರುತ್ತದೆ, ಕೇಳಿದರೆ ಸಿಟ್ಟಾಗುತ್ತಾರೆ ಎಂದೆ. ಸರಿ ಬಿಡಿ ಎಂದು ಸುಮ್ಮನಾದರು.

ನನಗೆ ಬುದ್ಧಿವಂತಿಕೆ ತೋರಿಸುವ ಆಸೆ. ಸಂಜೆ ಓದುವ ಹೊತ್ತಿನಲ್ಲಿ ಒಂದು ತಾಸು ಕಡಿಮೆ ಮಾಡೋಣವೇ ಎಂದು ಕೇಳಿದೆ. ಅವರು ನನ್ನನ್ನು ಗದರಿದ್ದು ಅದೊಂದೇ ಸಲ.

"ಓದೋ ದೀಪದ ತಂಟೆಗೆ ಹೋಗ್ಬ್ಯಾಡ್ರಿ ಮೇಡಂ. ಯಾರೂ ಇಲ್ಲದ ಕಡೆ ಉರಿಯೋದು ಎಲ್ಲೈತೆ, ಅದನ್ನ ಹುಡುಕ್ರಿ."

ಅವರು ಮಾಡಿದ್ದೂ ಅದನ್ನೇ. ಮೇಲಿನ ಟ್ಯಾಂಕು ಹಿಂಬದಿಯಲ್ಲಿ ಸೋರುತ್ತಿದ್ದರಿಂದ ಪಂಪು ಸುಮ್ಮನೆ ಗಂಟೆಗಟ್ಟಲೆ ಓಡುತ್ತಿತ್ತು. ಆ ಸೋರಿಕೆ ಮುಚ್ಚಿಸಿದರು. ಕಣ್ಣು ಹೊಡೆಯುತ್ತಿದ್ದ ಹಳೇ ಟ್ಯೂಬುಗಳನ್ನು ಇಳಿಸಿ ಎಲ್‌ಇಡಿ ಹಾಕಿಸಿದರು. ಕೊನೆಗೆ ನೀಲಿ ಬಣ್ಣದ ಡಬ್ಬಿ ತರಿಸಿ, ಒಂದೊಂದು ಸ್ವಿಚ್‌ ಬೋರ್ಡಿನ ಮೇಲಿನ ಗೋಡೆಯಲ್ಲೂ ದುಂಡಗೆ ಬರೆದರು: ಹೋಗುವಾಗ ದೀಪ ದೊಡ್ಡದು ಮಾಡಿ.

ನಮ್ಮಜ್ಜಿಯೂ ಹಾಗೇ ಹೇಳುತ್ತಿದ್ದಳು. ಬಳೆ ಒಡೆಯಿತು ಅನ್ನದೆ ಬಳೆ ಹೆಚ್ಚಿತು ಅನ್ನುವ ಕಾಲದವಳು. ದೀಪ ಆರಿಸು ಎಂಬ ಅಪಶಕುನದ ಮಾತು ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ, ದೊಡ್ಡದು ಮಾಡು ಎಂದೇ ಅನ್ನುತ್ತಿದ್ದಳು. ಹಾಗಾಗಿ ಅಜ್ಜನ ಬರಹ ನನಗೆ ವಿಚಿತ್ರವಾಗಿ ಕಾಣಲೇ ಇಲ್ಲ. ತಪ್ಪಾದದ್ದೇ ಅಲ್ಲಿ.

ಮುಂದಿನ ತಿಂಗಳು ಬಿಲ್ಲು ಬಂತು. ಇಳಿಯುವುದಿರಲಿ, ಹಿಂದಿನದಕ್ಕಿಂತ ಏರಿತ್ತು! ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ದೀಪ ಹಾಕಿಟ್ಟು ಹೋಗುತ್ತೀರಾ ಎಂದು ಬಾಯಿಗೆ ಬಂದಂತೆ ಬೈದೆ. ಅವರು ಪಿಳಿಪಿಳಿ ನೋಡಿದರು. ಮರುದಿನ ಮಧ್ಯಾಹ್ನ, ದಿನದಂತೆ ಟ್ರಸ್ಟಿನ ಆಫೀಸಿಗೆ ಹೋಗಿದ್ದವಳು ಯಾವುದೋ ರಿಜಿಸ್ಟರು ಮರೆತು ವಾಪಸ್ಸು ಬಂದರೆ, ಒಂದು ನರಪಿಳ್ಳೆಯೂ ಇಲ್ಲದ ಕಟ್ಟಡದಲ್ಲಿ ಮೇಲಿಂದ ಕೆಳಗಿನವರೆಗೆ ಪ್ರತಿಯೊಂದು ದೀಪವೂ ಧಗಧಗ ಉರಿಯುತ್ತಿದೆ.

ನಮ್ಮ ಅಡುಗೆಯಾಕೆ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ದಾವಣಗೆರೆ ಪೇಟೆಯಲ್ಲೇ ಹುಟ್ಟಿ ಬೆಳೆದವಳು. ಬೆಳಗಿನ ಕೆಲಸ ಮುಗಿಸಿ ಎಲ್ಲರಿಗಿಂತ ಕೊನೆಗೆ ಮನೆಗೆ ಹೋಗುವವಳೂ ಅವಳೇ. ಸಂಜೆ ಬಂದಾಗ ಕೇಳಿದೆ. ಅವಳಿಗೆ ಒಂದಿಷ್ಟೂ ಅಳುಕಿಲ್ಲ.

"ಬೋರ್ಡಿನ ಮ್ಯಾಲೆ ದೀಪ ದೊಡ್ಡದು ಮಾಡಿ ಅಂತ ಬರದೈತಲ್ರೀ. ಅದಕ್ಕೇ ದಿನಾ ಎಲ್ಲಾ ಹಚ್ಚಿ ಹೋಗ್ತೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಜ್ಜನಿಗೆ ಫೋನಿನಲ್ಲಿ ಹೇಳಿದೆ. ಮರುದಿನ ಮೊದಲ ಬಸ್ಸಿಗೇ ಬಂದರು. ಮುಖ ಸಣ್ಣದಾಗಿತ್ತು. ಆರಿಸಿ ಎಂದು ಬರೆದುಬಿಡಿ ಅಜ್ಜ, ಅಷ್ಟೇ ತಾನೆ ಎಂದೆ. ಬ್ರಷ್ಷು ಅದ್ದಿಕೊಂಡರು, ಗೋಡೆಯ ಹತ್ತಿರ ಹೋದರು, ನಿಂತರು. ಆಮೇಲೆ ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು.

"ಇಷ್ಟು ಮಕ್ಕಳಿರೋ ಮನಿ ಐತೆ ಇದು. ನನ್ನ ಕೈಲಿ ಆ ಮಾತು ಬರಿಯಾಕೆ ಆಗಲ್ಲ. ನೀವೇ ಬರೀರಿ."

ನಾನೇ ಬರೆದೆ. ಅವರ ದುಂಡಕ್ಷರದ ಮೇಲೆ ಸುಣ್ಣ ಬಳಿದು ನನ್ನ ಕೋಳಿ ಕಾಲಿನ ಅಕ್ಷರ. ಸ್ಟೋರ್ ರೂಮಿನ ಒಂದು ಬೋರ್ಡು ಮಾತ್ರ ಮರೆತುಹೋಯಿತು.

ಮಾರ್ಚಿನ ಮೀಟಿಂಗಿನ ಹೊತ್ತಿಗೆ ಬಿಲ್ಲು ಇಳಿದಿತ್ತು, ಆದರೆ ಕಮಿಟಿಯವರು ಬಯಸಿದಷ್ಟಲ್ಲ. ಮೀಟಿಂಗು ಹಾಸ್ಟೆಲಿನಲ್ಲೇ ಇತ್ತು; ಮಹಡಿ ಮುಚ್ಚುವ ಠರಾವಿಗೆ ಸಹಿ ಹಾಕಲು ಅಧ್ಯಕ್ಷರು ಆಗಲೇ ಪೆನ್ನು ತೆಗೆದಿದ್ದರು. ಹುಡುಗಿಯರ ಮನೆಗಳಿಗೆ ಏನೆಂದು ಪತ್ರ ಬರೆಯಲಿ ಎಂದು ನಾನು ಮನಸ್ಸಿನಲ್ಲೇ ಒದ್ದಾಡುತ್ತಿದ್ದೆ. ನಾನು ಕರೆಸಿ ಬಾಗಿಲ ಹತ್ತಿರ ಕೂರಿಸಿದ್ದ ಅಜ್ಜ ಎದ್ದು, ದಯವಿಟ್ಟು ಎಲ್ಲರೂ ಐದು ನಿಮಿಷ ಬರಬೇಕು ಎಂದರು. ಎಲ್ಲರನ್ನೂ ಮೀಟರಿನ ಮುಂದೆ ನಿಲ್ಲಿಸಿ, ಒಳಗಿನ ಸ್ವಿಚ್ಚುಗಳನ್ನೆಲ್ಲ ತೆಗೆಸಿ, ಮಿಟುಕುತ್ತಿದ್ದ ಕೆಂಪು ದೀಪ ತೋರಿಸಿದರು. ಇನ್ನು ಉಳಿದಿರುವುದು ಗೆಸ್ಟ್ ರೂಮ್ ಒಂದೇ ಎಂದು ಹೇಳಿ ಬೀಗದ ಕೈ ಕೇಳಿದರು. ಅಷ್ಟು ಜನರ ಎದುರಿಗೆ ಅಧ್ಯಕ್ಷರಿಗೆ ಇಲ್ಲವೆನ್ನಲಾಗಲಿಲ್ಲ.

ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಯಾವುದೋ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳು ಉಳಿದುಕೊಂಡು ಹೋದ ಮೇಲೆ ಆ ಕೋಣೆಗೆ ಯಾರೂ ಕಾಲಿಟ್ಟಿರಲಿಲ್ಲ. ಒಳಗೆ ಒಂದು ಖಾಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಬಚ್ಚಲಲ್ಲಿ ದೊಡ್ಡ ಗೀಸರು ಕುದಿಯುತ್ತಿತ್ತು, ನಲ್ಲಿಯಿಂದ ಬಿಸಿನೀರು ಸಣ್ಣಗೆ ಸೋರಿ ಹೋಗುತ್ತಿತ್ತು. ಅಜ್ಜ ಆ ನೀರಿಗೆ ಕೈ ಒಡ್ಡಿ ಥಟ್ಟನೆ ಹಿಂದೆ ತೆಗೆದುಕೊಂಡರು. ಅಧ್ಯಕ್ಷರ ಕಡೆ ತಿರುಗಿ ಮೆತ್ತಗೆ ಕೇಳಿದರು:

"ಮ್ಯಾಲಿನ ಹುಡುಗ್ಯಾರು ಓದಾಕೆ ದೀಪ ಹಚ್ತಾರೆ. ಇಲ್ಲಿ ನೀರು ಯಾರಿಗೆ ಕಾಯ್ತಾ ಐತೆ ಸ್ವಾಮಿ?"

ಗೀಸರಿನ ಸ್ವಿಚ್ಚನ್ನು ಅಧ್ಯಕ್ಷರೇ ತೆಗೆದರು. ಮಹಡಿ ಮುಚ್ಚುವ ಮಾತು ಆವತ್ತು ನಿಂತದ್ದು ಮತ್ತೆ ಏಳಲಿಲ್ಲ. ಹದಿನೆಂಟು ಹುಡುಗಿಯರೂ ಜೂನಿನಲ್ಲಿ ಟ್ರಂಕು ಹೊತ್ತು ವಾಪಸ್ಸು ಬಂದರು.

ಆಮೇಲೂ ಅಜ್ಜ ಆಗಾಗ ಬರುತ್ತಿದ್ದರು, ಕರೆಯದಿದ್ದರೂ... ಮೀಟರು ನೋಡಿ, ಟೀ ಕುಡಿದು, ಅಡುಗೆಯಾಕೆಯನ್ನು ರೇಗಿಸಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅವರ ಸೊಸೆ ಫೋನು ಮಾಡಿದಳು. ಜಗಳೂರಿನಿಂದ ದಾವಣಗೆರೆಗೆ, ಅಲ್ಲಿಂದ ಚನ್ನಗಿರಿಗೆ ಬಸ್ಸು ಬದಲಾಯಿಸಿ ನಾನು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಗಂಡಸರೆಲ್ಲ ಮಣ್ಣಿಗೆ ಹೋಗಿದ್ದರು. ಮುಖ ನೋಡುವುದು ಕೂಡ ನನ್ನ ಪಾಲಿಗೆ ಬರಲಿಲ್ಲ. ಸೊಸೆಯ ಪಕ್ಕ ಕೂತೆ. ಗದ್ದಲದಲ್ಲಿ ಯಾರೂ ಗಮನಿಸಿರಲಿಲ್ಲ: ಪಡಸಾಲೆ, ಕೋಣೆ, ಬಚ್ಚಲು, ಹಿತ್ತಿಲು, ಮಟಮಟ ಮಧ್ಯಾಹ್ನ ಎಲ್ಲ ಕಡೆ ದೀಪಗಳು ಉರಿಯುತ್ತಿದ್ದವು. ಸ್ವಲ್ಪ ಹೊತ್ತು ತಡೆದುಕೊಂಡೆ. ಆಮೇಲೆ ಎದ್ದು ಹೋಗಿ, ಜನ ಇಲ್ಲದ ಕೋಣೆಗಳ ಸ್ವಿಚ್ಚು ಒಂದೊಂದಾಗಿ ತೆಗೆದು ಬಂದೆ. ಸಾವಿನ ಮನೆಯಲ್ಲಿ ಇದೆಂಥ ಕೆಲಸ ಎಂದು ನನಗೇ ನಾಚಿಕೆಯಾಯಿತು. ಸೊಸೆ ನೋಡುತ್ತಿದ್ದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಬಿಕ್ಕಿ ಬಿಕ್ಕಿ ಅತ್ತಳು.

ಚೋಕ್ ಸುಟ್ಟ ದಿನ ಊರಿನ ಎಲೆಕ್ಟ್ರಿಷಿಯನ್ ಬಂದು ಆ ಕೊನೆಯ ಟ್ಯೂಬನ್ನೂ ಇಳಿಸಿ ಹೊಸ ದೀಪ ಹಾಕಿದ. ಸಂಜೆ ಅಡುಗೆಯಾಕೆ ಸಾಮಾನು ತರಲು ಸ್ಟೋರ್ ರೂಮಿಗೆ ಹೋಗಿ ಬಂದಳು. ಅಲ್ಲಿನ ದೀಪ ಏನಾಯಿತು ಎಂದು ಅಭ್ಯಾಸಬಲದಿಂದ ಕೇಳಿದೆ.

"ದೊಡ್ಡದು ಮಾಡಿ ಬಂದೆ ಮೇಡಂ."

ಆದರೂ ಎದ್ದು ಹೋಗಿ ನೋಡಿದೆ. ಸ್ಟೋರ್ ರೂಮು ಕತ್ತಲಾಗಿತ್ತು. ಬಾಗಿಲಿನ ಬೆಳಕಿನಲ್ಲಿ ಗೋಡೆಯ ಮೇಲೆ ಅಜ್ಜನ ನೀಲಿ ಅಕ್ಷರಗಳು ಅರ್ಧಂಬರ್ಧ ಕಂಡವು. ಅವರಿಲ್ಲ ಎಂಬ ಸಂಕಟ ಆವತ್ತು ಚನ್ನಗಿರಿಯಲ್ಲಿ ಆದದ್ದಕ್ಕಿಂತ ಹೆಚ್ಚಾಗಿ ಆಯಿತು. ಮೆಟ್ಟಿಲು ಹತ್ತಿ ಮೇಲೆ ಹೋದೆ. ಹುಡುಗಿಯರು ಓದುತ್ತಿದ್ದರು. ಆ ದೀಪಗಳ ತಂಟೆಗೆ ಹೋಗದೆ ಕೆಳಗಿಳಿದು ಬಂದೆ.